ಎರಡು ಚೀಲ ತರಲಿಲ್ಲ

ಮೂರು ವರ್ಷದ ಹಿಂದಿನ ಜನವರಿ. ಕೊಡಗಿನ ಸುಂಟಿಕೊಪ್ಪದ ಬಳಿಯ ನಮ್ಮ ತೋಟದಲ್ಲಿ ರೋಬಸ್ಟಾ ಕಾಫಿಯ ಕೊಯ್ಲು ಜೋರಾಗಿ ನಡೆದಿತ್ತು. ಸಂಜೆ ಕಣದಲ್ಲಿ ತೂಕ ಮುಗಿಸಿದ, ತೋಟದ ಲೆಕ್ಕ ಬರೆಯುವ ರೈಟರ್ ಅಣ್ಣ ಹಾಜರಿಯ ಚೆಕ್‌ರೋಲ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಅಪ್ಪನಿಗೆ ದಿನದ ಲೆಕ್ಕ ಒಪ್ಪಿಸುತ್ತಿದ್ದರು. ಕೆಳಗಿನ ಬ್ಲಾಕಿನಿಂದ ಹಣ್ಣು ಹೊರುವ ಹುಡುಗನ ಸರದಿ ಬಂದಾಗ ಅವರು ಹೇಳಿದ್ದು ಇಷ್ಟೇ: “ಅವನು ಎರಡು ಚೀಲ ತರಲಿಲ್ಲ.”

ಅಪ್ಪನ ಮುಖ ಕೆಂಪಾಯಿತು. “ಬೆಳಗಿನಿಂದ ಎರಡು ಚೀಲವೂ ಹೊರಲಾಗದವನಿಗೆ ಪೂರ್ತಿ ಕೂಲಿ ಯಾಕೆ?” ಎಂದರು. ರೈಟರ್ ಅಣ್ಣ ಗಾಬರಿಯಾಗಿ ಎರಡು ಹೆಜ್ಜೆ ಮುಂದೆ ಬಂದರು. “ಹಾಗಲ್ಲ ಯಜಮಾನರೇ. ನಾಲ್ಕಿದ್ದವು. ಎರಡು ಬಂದಿವೆ. ಇನ್ನೆರಡು ಸಿಲ್ವರ್ ಮರದ ಬುಡದಲ್ಲೇ ಇವೆ, ಕತ್ತಲಾಯಿತೆಂದು ಬಿಟ್ಟು ಬಂದಿದ್ದಾನೆ.”

ಹುಡುಗನ ಕೂಲಿ ಉಳಿಯಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಆಗ ನಾನು ಮೈಸೂರಿನಲ್ಲಿ ಭಾಷಾವಿಜ್ಞಾನದ ಎಂ.ಎ. ಎರಡನೇ ವರ್ಷದಲ್ಲಿದ್ದೆ, ಕಿರುಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದೆ. ಮೂವತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದ ಇಬ್ಬರು, ಒಂದೇ ಭಾಷೆಯವರು, ನಾಲ್ಕೇ ಪದಗಳ ಒಂದು ವಾಕ್ಯದಿಂದ ಎರಡು ಬೇರೆ ಬೇರೆ ಲೋಕಗಳನ್ನು ಕಂಡಿದ್ದರು. ಅಪ್ಪನ ಕಿವಿಯಲ್ಲಿ ‘ಇಲ್ಲ’ ಎಂಬುದು ‘ಎರಡು’ ಎಂಬುದನ್ನೂ ತನ್ನ ತೆಕ್ಕೆಗೆ ಎಳೆದುಕೊಂಡಿತ್ತು: ಎರಡು ಚೀಲ ತಂದ ಎಂಬುದು ನಡೆದೇ ಇಲ್ಲ. ರೈಟರ್ ಅಣ್ಣನ ಮನಸ್ಸಿನಲ್ಲಿ ‘ಎರಡು’ ಅದರ ಹಿಡಿತದಿಂದ ಆಚೆ ನಿಂತಿತ್ತು: ಎರಡು ಚೀಲಗಳಿವೆ, ಅವು ಬರಲಿಲ್ಲ. ಒಂದು ಪದದ ಅಧಿಕಾರ ವಾಕ್ಯದಲ್ಲಿ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ನಮ್ಮ ಶಾಸ್ತ್ರದಲ್ಲಿ ವ್ಯಾಪ್ತಿ ಎನ್ನುತ್ತಾರೆ. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಬಂದಿದ್ದ ಪದವದು. ಅದರ ಮೇಲೆ ಒಬ್ಬನ ದಿನಗೂಲಿ ನಿಂತಿರಬಹುದು ಎಂದು ಆ ಸಂಜೆಯೇ ತಿಳಿದದ್ದು.

ಮರುದಿನದಿಂದಲೇ ಕೇಳಲು ಹೊರಟೆ. ನೋಟ್‌ಬುಕ್ ಹಿಡಿದು ಅವ್ವನನ್ನು, ಪಕ್ಕದ ಮನೆಯವರನ್ನು, ಅಂಗಡಿಯವರನ್ನು, ಬಸ್ಸಿಗೆ ಕಾದವರನ್ನು ನಿಲ್ಲಿಸಿ ವಾಕ್ಯ ಹೇಳಿ, “ಇದರ ಅರ್ಥ ಏನು?” ಎಂದು ಕೇಳಿದೆ. ಒಂದು ವಾರದಲ್ಲಿ ನೋಟ್‌ಬುಕ್ ತುಂಬಿತು, ಕೈಗೆ ಏನೂ ದಕ್ಕಲಿಲ್ಲ. ಕೆಲವರು ವಾಕ್ಯವನ್ನೇ ತಿರುಗಿಸಿ ಹೇಳಿದರು. ಕೆಲವರು ನನ್ನ ಮುಖ ನೋಡಿ, ನನಗೆ ಯಾವ ಉತ್ತರ ಬೇಕಿರಬಹುದೆಂದು ಊಹಿಸಿ ಅದನ್ನೇ ಕೊಟ್ಟರು. ನಿವೃತ್ತ ಮೇಷ್ಟ್ರೊಬ್ಬರು, “ವಾಕ್ಯವೇ ಸರಿಯಿಲ್ಲ, ಎರಡು ಚೀಲಗಳನ್ನು ಎಂದಿರಬೇಕು” ಎಂದು ತಿದ್ದಿದರು.

ಮೈಸೂರಿನಲ್ಲಿ ನನ್ನ ಮಾರ್ಗದರ್ಶಕಿ ಆ ನೋಟ್‌ಬುಕ್ಕನ್ನು ಕೊನೆಯ ಪುಟದವರೆಗೂ ಓದಿದರು. ಆಮೇಲೆ ಹೇಳಿದರು: “ಅರ್ಥವನ್ನು ಯಾರ ಬಳಿಯೂ ನೇರವಾಗಿ ಕೇಳಬಾರದು. ಉಸಿರಾಡುವವನಿಗೆ ಶ್ವಾಸಕೋಶದ ರಚನೆ ಗೊತ್ತಿರಬೇಕಾಗಿಲ್ಲ. ಒಂದು ಸನ್ನಿವೇಶ ತೋರಿಸು, ವಾಕ್ಯ ಕೇಳಿಸು. ಇದು ಅದಕ್ಕೆ ಹೊಂದುತ್ತದೆಯೇ ಎಂದಷ್ಟೇ ಕೇಳು. ಅರ್ಥವನ್ನು ನೀನು ಅಲ್ಲಿಂದ ತೆಗೆಯಬೇಕು.”

ಸತ್ಯ ನಿರ್ಣಯ ಪರೀಕ್ಷೆ ಎಂದು ಇದಕ್ಕೆ ಹೆಸರು. ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರೇನ್ ಮತ್ತು ಸಂಗಡಿಗರು ಮಕ್ಕಳ ಭಾಷೆ ತಿಳಿಯಲು ಬೆಳೆಸಿದ ವಿಧಾನ. ಮಗುವಿನ ಮುಂದೆ ಆಟಿಕೆಗಳಿಂದ ಒಂದು ಕಥೆ ನಡೆಸುತ್ತಾರೆ. ಕಥೆ ಮುಗಿದ ಮೇಲೆ ಕೈಗೊಂಬೆಯೊಂದು ನಡೆದದ್ದರ ಬಗ್ಗೆ ಒಂದು ಮಾತು ಹೇಳುತ್ತದೆ. ಬೊಂಬೆ ಹೇಳಿದ್ದು ಸರಿಯೋ ತಪ್ಪೋ ಎಂದು ಮಗು ತೀರ್ಪು ಕೊಡಬೇಕು. ನಾಲ್ಕು ವರ್ಷದ ಮಗು ವ್ಯಾಕರಣದ ಒಂದು ಪದವೂ ಗೊತ್ತಿಲ್ಲದೆ, ತನ್ನ ತಲೆಯೊಳಗಿನ ವ್ಯಾಕರಣವನ್ನು ನಮಗೆ ತೋರಿಸಿಬಿಡುತ್ತದೆ.

ಗ್ರಂಥಾಲಯದಲ್ಲಿ ಹುಡುಕುತ್ತಾ ಹೋದಾಗ ಸಿಕ್ಕಿದ ಸಂಗತಿಯಿಂದ ಮೈ ಜುಮ್ಮೆಂದಿತು. ನನ್ನ ಪ್ರಶ್ನೆಯನ್ನೇ, ಅದೂ ಕನ್ನಡದಲ್ಲೇ, ಆಗಲೇ ಕೇಳಿದವರಿದ್ದರು. ಜೆಫ್ರಿ ಲಿಡ್ಜ್ ಮತ್ತು ಜೂಲಿಯೆನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಇಂಗ್ಲಿಷ್ ಮತ್ತು ಕನ್ನಡ ಮಾತನಾಡುವ ನಾಲ್ಕು ವರ್ಷದ ಮಕ್ಕಳ ಮೇಲೆ ನಡೆಸಿದ್ದು. ‘ಪತ್ತೇದಾರ ಇಬ್ಬರನ್ನು ಪತ್ತೆಹಚ್ಚಲಿಲ್ಲ’ ಎಂಬ ಬಗೆಯ ವಾಕ್ಯಗಳನ್ನು ಅವರು ಪರೀಕ್ಷಿಸಿದ್ದರು. ದೊಡ್ಡವರು ಎರಡೂ ಅರ್ಥಗಳನ್ನು ಒಪ್ಪಿದರು. ಮಕ್ಕಳು ಮಾತ್ರ ಎರಡೂ ಭಾಷೆಗಳಲ್ಲಿ ಒಂದೇ ಕಡೆಗೆ ವಾಲಿದರು: ‘ಇಲ್ಲ’ ಎಂಬುದು ‘ಎರಡು’ ಎಂಬುದನ್ನು ನುಂಗುವ ಅರ್ಥಕ್ಕೆ. ಅಂದರೆ ನಮ್ಮ ಅಪ್ಪನ ಅರ್ಥಕ್ಕೆ.

ಇದಕ್ಕೆ ಕನ್ನಡವೇ ಯಾಕೆ ಬೇಕಾಯಿತು ಎಂಬುದು ಬಲು ಚೆಂದದ ವಿಚಾರ. ಇಂಗ್ಲಿಷಿನಲ್ಲಿ ನಿಷೇಧದ ಪದ ಮೊದಲು ಬರುತ್ತದೆ, ಸಂಖ್ಯೆ ಆಮೇಲೆ. ಅಲ್ಲಿನ ಮಕ್ಕಳು ನಿಷೇಧಕ್ಕೆ ಹೆಚ್ಚು ಅಧಿಕಾರ ಕೊಟ್ಟರೆ, ಅದು ಮೊದಲು ಕಿವಿಗೆ ಬಿದ್ದುದರಿಂದಲೋ, ವಾಕ್ಯದ ಒಳರಚನೆಯಲ್ಲಿ ಮೇಲೆ ಕುಳಿತಿರುವುದರಿಂದಲೋ ಎಂದು ಹೇಳಲಾಗದು. ಎರಡೂ ಕಾರಣ ಒಂದೇ ಕಡೆಗೆ ಬೆರಳು ತೋರುತ್ತವೆ. ಕನ್ನಡದಲ್ಲಿ ಹಾಗಲ್ಲ. ‘ಎರಡು’ ಮೊದಲು, ‘ಇಲ್ಲ’ ಕಟ್ಟಕಡೆಗೆ. ಕೇಳುವ ಕ್ರಮವೇ ಮುಖ್ಯವಾಗಿದ್ದರೆ ಕನ್ನಡದ ಮಕ್ಕಳು ಉಲ್ಟಾ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ಮಕ್ಕಳು ಪದಗಳನ್ನು ಸಾಲಾಗಿ ಪೋಣಿಸಿದ ಮಣಿಗಳಂತೆ ಕೇಳುವುದಿಲ್ಲ, ಒಂದರ ಮೇಲೊಂದು ಕಟ್ಟಿದ ಮನೆಯಂತೆ ಕೇಳುತ್ತಾರೆ ಎಂಬುದಕ್ಕೆ ನಮ್ಮ ಭಾಷೆ ಸಾಕ್ಷಿ ನುಡಿಯಿತು.

ಅದೇ ಲಿಡ್ಜ್ ಅವರು ಲೀಲಾ ಮತ್ತು ಹೆನ್ರಿ ಗ್ಲೈಟ್‌ಮನ್ ಜೊತೆ 2003ರಲ್ಲಿ ಪ್ರಕಟಿಸಿದ ಇನ್ನೊಂದು ಕೆಲಸವನ್ನೂ ಓದಿದೆ. ಕನ್ನಡದ ಮೂರು ವರ್ಷದ ಮಕ್ಕಳಿಗೆ ಆಟಿಕೆ ಪ್ರಾಣಿಗಳನ್ನು ಕೊಟ್ಟು, ವಾಕ್ಯ ಹೇಳಿ, ಅದನ್ನು ಆಡಿ ತೋರಿಸಲು ಕೇಳಿದ್ದರು. ನಮ್ಮಲ್ಲಿ ‘ಏರು’ಗೆ ‘ಇಸು’ ಸೇರಿದರೆ ‘ಏರಿಸು’. ಇನ್ನೊಬ್ಬರಿಂದ ಮಾಡಿಸಿದ್ದು ಎಂಬುದಕ್ಕೆ ಇಷ್ಟು ಸ್ಪಷ್ಟ ಗುರುತು ಭಾಷೆಯಲ್ಲೇ ಇದೆ. ಆದರೂ ಆ ಮಕ್ಕಳು ‘ಇಸು’ ಇದೆಯೋ ಇಲ್ಲವೋ ಎಂದು ನೋಡುವ ಬದಲು ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನೇ ನೆಚ್ಚಿದರು. ಜಗತ್ತಿನ ಪ್ರಶ್ನೆಗಳಿಗೆ ಕನ್ನಡದ ಪುಟ್ಟ ಮಕ್ಕಳು ಉತ್ತರ ಕೊಟ್ಟಿದ್ದಾರೆ; ಈ ವಿಷಯ ನಮ್ಮ ಶಾಲೆಗಳ ಕನ್ನಡ ಮೇಷ್ಟ್ರುಗಳಿಗೆಲ್ಲ ಗೊತ್ತಾಗಬೇಕು ಎಂದು ನನಗೆ ಇಂದಿಗೂ ಅನಿಸುತ್ತದೆ.

ನನ್ನ ಗುರಿ ದೊಡ್ಡವರು. ಕೊಡಗಿನಲ್ಲಿ ಕನ್ನಡವನ್ನು ಮನೆಮಾತಾಗಿ ಆಡುವವರಿಗಿಂತ ಅದರ ಪಕ್ಕದಲ್ಲೇ ಇನ್ನೊಂದು ಮನೆಮಾತು ಇಟ್ಟುಕೊಂಡವರೇ ಹೆಚ್ಚು ಕಣ್ಣಿಗೆ ಬೀಳುತ್ತಾರೆ. ನಮ್ಮ ಮನೆಯದು ಅರೆಭಾಷೆ. ಆಚೆ ಮನೆಯವರದು ಕೊಡವ ತಕ್ಕ್. ಪೇಟೆಗೆ ಹೋದರೆ ಮಲಯಾಳ, ತುಳು, ಬ್ಯಾರಿ. ಮೊದಲ ಸುತ್ತಿಗೆ ಅರೆಭಾಷೆ ಮತ್ತು ಕನ್ನಡದವರು ಸಾಕು ಎಂದು ಮಾರ್ಗದರ್ಶಕಿ ಕಡಿವಾಣ ಹಾಕಿದರು.

ವಾಕ್ಯ ಕಟ್ಟುವ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು. ಮೊದಲು ಸನ್ನಿವೇಶಗಳ ಲೆಕ್ಕ ಸರಿಹೋಗಬೇಕು. ತೋಟದಲ್ಲಿ ನಾಲ್ಕು ಚೀಲ, ಎರಡು ಕಣಕ್ಕೆ ಬಂದಿವೆ, ಎರಡು ಮರದ ಬುಡದಲ್ಲಿವೆ. ಇಲ್ಲಿ ‘ಎರಡು ಚೀಲ ತರಲಿಲ್ಲ’ ಎಂಬುದು ರೈಟರ್ ಅಣ್ಣನ ಅರ್ಥದಲ್ಲಿ ಸರಿ, ಅಪ್ಪನ ಅರ್ಥದಲ್ಲಿ ತಪ್ಪು. ಇನ್ನೊಂದು ಸನ್ನಿವೇಶ ಇದಕ್ಕೆ ತದ್ವಿರುದ್ಧವಾಗಿರಬೇಕು: ಇದ್ದದ್ದೇ ಎರಡು ಚೀಲ, ಬಂದದ್ದು ಒಂದು. ಈಗ ಅಪ್ಪನ ಅರ್ಥ ಸರಿಯಾಗುತ್ತದೆ, ರೈಟರ್ ಅಣ್ಣನದು ತಪ್ಪಾಗುತ್ತದೆ, ಯಾಕೆಂದರೆ ತಾರದೆ ಉಳಿದದ್ದು ಒಂದೇ ಚೀಲ. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಥ ಎಂಬುದನ್ನು ಕೈಯಲ್ಲಿ ಹಿಡಿದು ತೂಗಿದಂತಾಗುತ್ತದೆ.

ಚೀಲ ಒಂದೇ ಸಾಲದು. ಕಿತ್ತಳೆ ತಿನ್ನಲಿಲ್ಲ, ಮೊಟ್ಟೆ ಒಡೆಯಲಿಲ್ಲ, ಏಲಕ್ಕಿ ಗಿಡ ನೆಡಲಿಲ್ಲ, ಕೊಡ ತುಂಬಿಸಲಿಲ್ಲ, ಹೀಗೆ ಹದಿನಾರು ವಾಕ್ಯ ಮಾಡಿದೆ. ಅವುಗಳ ನಡುವೆ ಅಡಗಿಸಿಡಲು ‘ಬೆಕ್ಕು ಮೆಟ್ಟಿಲ ಮೇಲೆ ಮಲಗಿದೆ’ ಎಂಬಂಥ ಮೂವತ್ತೆರಡು ಸಾದಾ ವಾಕ್ಯ. ಇವಿಲ್ಲದಿದ್ದರೆ ಐದನೇ ವಾಕ್ಯಕ್ಕೆಲ್ಲ ಜನ ನನ್ನ ಉದ್ದೇಶ ಹಿಡಿದುಬಿಡುತ್ತಾರೆ. ಒಬ್ಬರಿಗೆ ಒಂದೇ ವಾಕ್ಯ ಎರಡೂ ಸನ್ನಿವೇಶಗಳಲ್ಲಿ ಬರಬಾರದು. ಆದರೆ ಎಲ್ಲರ ಉತ್ತರ ಸೇರಿಸಿದಾಗ ಎಲ್ಲ ವಾಕ್ಯಕ್ಕೂ ಎರಡೂ ಸನ್ನಿವೇಶ ಸಿಕ್ಕಿರಬೇಕು. ಅದಕ್ಕೆ ಎರಡು ಪಟ್ಟಿ ಮಾಡಿ ವಾಕ್ಯಗಳನ್ನು ಅದಲುಬದಲು ಹಂಚಿದೆ. ಎಲ್ಲ ಕಡೆಯೂ ‘ಚೀಲ’ ಎಂದೇ ಇಟ್ಟೆ, ‘ಚೀಲಗಳನ್ನು’ ಎನ್ನಲಿಲ್ಲ. ‘ಅನ್ನು’ ಬಂದ ತಕ್ಷಣ ಮನಸ್ಸು ‘ಆ ನಿರ್ದಿಷ್ಟ ಚೀಲಗಳು’ ಎಂಬ ಕಡೆಗೆ ಜಾರುತ್ತದೆ, ತಕ್ಕಡಿ ಮೊದಲೇ ವಾಲುತ್ತದೆ. ಆ ನಿವೃತ್ತ ಮೇಷ್ಟ್ರು ತಿದ್ದಿದಾಗ ನನಗೆ ಬೇಸರವಾಗಿತ್ತು, ನಿಜ; ಅವರ ಕಿವಿ ಎಷ್ಟು ಸೂಕ್ಷ್ಮ ಎಂದು ಆಮೇಲೆ ಗೊತ್ತಾಯಿತು. ಕನ್ನಡದ ದ್ವಿತೀಯಾ ವಿಭಕ್ತಿಯ ಮೇಲೆಯೇ ಲಿಡ್ಜ್ 2006ರಲ್ಲಿ ದೀರ್ಘ ಲೇಖನವೊಂದನ್ನು ಬರೆದಿದ್ದಾರೆ.

‘ತರಲಿಲ್ಲ’ ಎಂಬ ಪದವೂ ನನ್ನನ್ನು ಸತಾಯಿಸಿತು. ವಾಕ್ಯವನ್ನು ಪದ ಪದವಾಗಿ ತೆರೆಯ ಮೇಲೆ ತೋರಿಸಿ, ಯಾವ ಪದದ ಮೇಲೆ ಓದುಗರು ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅಳೆಯುವ ಇನ್ನೊಂದು ವಿಧಾನವಿದೆ. ಅದನ್ನು ಮಾಡಬೇಕೆಂಬ ಆಸೆಯಿತ್ತು. ಆದರೆ ಕನ್ನಡದಲ್ಲಿ ‘ತರು’ ಮತ್ತು ‘ಇಲ್ಲ’ ಒಂದೇ ಪದದೊಳಗೆ ಬೆಸೆದುಕೊಂಡಿವೆ. ತರುವುದನ್ನು ಓದಿದ ಕ್ಷಣ ಯಾವುದು, ಇಲ್ಲವೆಂದು ತಿಳಿದ ಕ್ಷಣ ಯಾವುದು ಎಂದು ಬಿಡಿಸುವುದು ಹೇಗೆ? ಹಳೆಯ ಕನ್ನಡವಾಗಿದ್ದರೆ ಇನ್ನೂ ಕಷ್ಟ. ‘ನೋಡೆನು’, ‘ಮಾಡನು’ ಎಂಬಲ್ಲಿ ನಿಷೇಧಕ್ಕೆ ಕಣ್ಣಿಗೆ ಕಾಣುವ ಪ್ರತ್ಯಯವೇ ಇಲ್ಲ. ಧಾತುವಿಗೆ ನೇರವಾಗಿ ಪುರುಷ ಪ್ರತ್ಯಯ ಅಂಟಿದರೆ ಸಾಕು, ಇಲ್ಲವೆಂದು ಆಗಿಬಿಡುತ್ತದೆ. ‘ಒಲ್ಲೆ’, ‘ಅರಿಯೆ’ ಎನ್ನುವಾಗ ಇಂದಿಗೂ ನಾವು ಅದನ್ನೇ ಮಾಡುತ್ತೇವೆ. ಓದಿನ ವೇಗ ಅಳೆಯುವ ಆಸೆ ಬಿಟ್ಟೆ.

ಮೇ ತಿಂಗಳಲ್ಲಿ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದೆ. ಉತ್ತರ ದಾಖಲಿಸಲು ಸೈಕೋಪೈ ಎಂಬ ಉಚಿತ ತಂತ್ರಾಂಶ. ಅಂತರ್ಜಾಲದ ಫಾರಂ ಕಳುಹಿಸಿ ಮನೆಯಲ್ಲೇ ಕುಳಿತು ಉತ್ತರ ಪಡೆಯುವುದು ಈಗ ರೂಢಿ. ನಮ್ಮ ಊರಿನಲ್ಲಿ ಸಿಗ್ನಲ್ ಸಿಗುವುದು ರಸ್ತೆಯ ಒಂದು ತಿರುವಿನಲ್ಲಿ ಮಾತ್ರ. ಅಲ್ಲದೆ ಹಣ್ಣು ಕೊಯ್ಯುವವರಲ್ಲಿ ಅನೇಕರಿಗೆ ಓದು ಬಾರದು. ಅವರ ಕನ್ನಡವನ್ನು ಬಿಟ್ಟು ಯಾರ ಕನ್ನಡವನ್ನು ಅಳೆಯುವುದು? ವಾಕ್ಯಗಳನ್ನು ನನ್ನದೇ ಧ್ವನಿಯಲ್ಲಿ ರೆಕಾರ್ಡ್ ಮಾಡಿ, ಚಿತ್ರದ ಜೊತೆ ಕೇಳಿಸಿದೆ.

ಮೊದಲ ಅಡ್ಡಿ ಸಮ್ಮತಿ ಪತ್ರ. ಇದು ಯಾವ ಅಧ್ಯಯನ, ಯಾವಾಗ ಬೇಕಾದರೂ ಎದ್ದು ಹೋಗಬಹುದು, ಹೆಸರು ಎಲ್ಲೂ ಬರುವುದಿಲ್ಲ ಎಂದು ವಿವರಿಸಿ ಸಹಿ ಪಡೆಯಬೇಕು. ಹಿರಿಯರೊಬ್ಬರು ಕಾಗದವನ್ನು ತಿರುವಿ ಮುರುವಿ ನೋಡಿ, “ಇದು ಪಹಣಿಗೆ ಸಂಬಂಧಿಸಿದ್ದಲ್ಲ ತಾನೇ?” ಎಂದು ಕೇಳಿದರು. ಜಾಗದ ಕಾಗದಪತ್ರಕ್ಕಾಗಿ ಕಚೇರಿ ಅಲೆದು ಸೋತ ಜನ ನಮ್ಮವರು; ಅವರ ಭಯಕ್ಕೆ ಕಾರಣವಿದೆ. ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿ, ಬಾಯಿಮಾತಿನ ಒಪ್ಪಿಗೆಯನ್ನು ಧ್ವನಿಯಲ್ಲಿ ದಾಖಲಿಸಿಕೊಳ್ಳುವ ಅನುಮತಿಯನ್ನು ಆಮೇಲೆ ತಂದೆ.

ಎರಡನೇ ಅಡ್ಡಿಯನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಉತ್ತರಕ್ಕೆ ‘ನಿಜ’, ‘ಸುಳ್ಳು’ ಎಂಬ ಎರಡು ಗುಂಡಿ ಇಟ್ಟಿದ್ದೆ. ಹಣ್ಣು ಕೊಯ್ಯುವ ಅಜ್ಜಿಯೊಬ್ಬರು ಪ್ರತಿ ವಾಕ್ಯಕ್ಕೂ ‘ನಿಜ’ವನ್ನೇ ಒತ್ತಿದರು. ಬೆಕ್ಕು ಇಲ್ಲದ ಚಿತ್ರಕ್ಕೆ ‘ಬೆಕ್ಕು ಮಲಗಿದೆ’ ಎಂದಾಗಲೂ ‘ನಿಜ’. ಯಾಕೆ ಎಂದು ಮೆಲ್ಲಗೆ ಕೇಳಿದೆ. “ನೀನು ಇಷ್ಟು ದೂರ ಬಂದು ಹೇಳುತ್ತಿದ್ದೀಯಲ್ಲ ಮಗಳೇ, ನಿನ್ನನ್ನು ಸುಳ್ಳು ಹೇಳುವವಳು ಎನ್ನಲೇ?” ಎಂದರು. ಸುಳ್ಳು ಎಂಬ ಪದದಲ್ಲಿ ತಪ್ಪು ಮಾಹಿತಿಯ ಜೊತೆಗೆ ಮೋಸದ ಆರೋಪವೂ ಇದೆ. ಅರ್ಥ ಹುಡುಕಲು ಹೊರಟ ನಾನು ನನ್ನ ಗುಂಡಿಯ ಮೇಲಿನ ಪದದ ಅರ್ಥವನ್ನೇ ಯೋಚಿಸಿರಲಿಲ್ಲ. ಆ ರಾತ್ರಿಯೇ ಅದನ್ನು ‘ಸರಿ’, ‘ತಪ್ಪು’ ಎಂದು ಬದಲಾಯಿಸಿದೆ. ಮಾತನ್ನೂ, ಧ್ವನಿ ನನ್ನದೇ ಆದರೂ, ತೆರೆಯ ಮೇಲಿನ ಒಂದು ಗಿಣಿಯ ಬಾಯಿಗೆ ಕೊಟ್ಟೆ: “ಈ ಗಿಣಿ ನೋಡಿದ್ದನ್ನು ಹೇಳುತ್ತದೆ, ಕೆಲವೊಮ್ಮೆ ತಪ್ಪುತ್ತದೆ, ನೀವು ತಿದ್ದಬೇಕು.” ಗಿಣಿಯನ್ನು ತಿದ್ದಲು ಯಾರಿಗೂ ಸಂಕೋಚವಿರಲಿಲ್ಲ. ಮಕ್ಕಳ ಪರೀಕ್ಷೆಯಲ್ಲಿ ಕೈಗೊಂಬೆ ಯಾಕೆ ಬರುತ್ತದೆ ಎಂಬುದು ಓದಿದಾಗ ಹೊಳೆಯದೆ ಅಜ್ಜಿಯ ಮುಂದೆ ಹೊಳೆಯಿತು.

ಮೂರನೆಯದು ಧ್ವನಿಯ ತೊಂದರೆ. ಎಂಟು ಜನರ ಪರೀಕ್ಷೆ ಮುಗಿಸಿದ್ದೆ. ಅವರಲ್ಲಿ ಮೂವರು ಚೀಲದ ವಾಕ್ಯ ಕೇಳಿದ ಕೂಡಲೇ, “ಹಾಗಾದರೆ ಎಷ್ಟು ತಂದ?” ಎಂದು ತಿರುಗಿ ಕೇಳಿದ್ದರು. ರೆಕಾರ್ಡಿಂಗ್ ಮತ್ತೆ ಕೇಳಿದೆ. ಹತ್ತು ಸಲ ಕೇಳಿದ ಮೇಲೆ ಕಿವಿಗೆ ಬಿತ್ತು: ಆ ವಾಕ್ಯದಲ್ಲಿ ನಾನು ‘ಎರಡು’ ಎಂಬುದನ್ನು ಒತ್ತಿ ಹೇಳಿದ್ದೆ. ಒತ್ತು ಬಿದ್ದೊಡನೆ ಅದು ಮೂರನೆಯ ಅರ್ಥಕ್ಕೆ ಹೊರಳುತ್ತದೆ: ತಂದದ್ದು ಎರಡಲ್ಲ, ಬೇರೆ ಎಷ್ಟೋ. ಎಂಟೂ ಜನರ ಉತ್ತರಗಳನ್ನು ಪಕ್ಕಕ್ಕಿಟ್ಟು, ಎಲ್ಲ ವಾಕ್ಯಗಳನ್ನೂ ಹೊಸದಾಗಿ ಸಮನಾದ ಧ್ವನಿಯಲ್ಲಿ ಹೇಳಿ, ಅವ್ವನಿಗೆ ಕೇಳಿಸಿ, ಅವರು ಒಪ್ಪಿದ್ದನ್ನು ಮಾತ್ರ ಉಳಿಸಿಕೊಂಡೆ. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಕರೆಂಟು ಹೋದರೆ ಎರಡು ದಿನ ಬರುತ್ತಿರಲಿಲ್ಲ. ಬ್ಯಾಟರಿ ಉಳಿಸಲು ತೆರೆಯ ಬೆಳಕು ತಗ್ಗಿಸಿ, ಹೆಂಚಿನ ಮೇಲಿನ ಮಳೆಯ ಸದ್ದಿಗೆ ಹೆಡ್‌ಫೋನ್ ಹಾಕಿಸಿ, ಒಬ್ಬೊಬ್ಬರಿಗೆ ಅರ್ಧ ಗಂಟೆಯಂತೆ ನಲವತ್ತು ಜನರನ್ನು ಮುಗಿಸುವಾಗ ಆಗಸ್ಟ್ ಬಂದಿತ್ತು.

ಅದೇ ಅಜ್ಜಿ ಮತ್ತೊಮ್ಮೆ ಕುಳಿತದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅವರ ಉತ್ತರ ಲೆಕ್ಕಕ್ಕೆ ಸೇರುವುದಿಲ್ಲ, ಮೊದಲೇ ಕೇಳಿದ್ದಾರಲ್ಲ. ಆದರೂ ಅವರಿಗೆ ಗಿಣಿಯನ್ನು ನೋಡಬೇಕಿತ್ತು. ನಾಲ್ಕು ಚೀಲದ ಚಿತ್ರ ಬಂತು. ಗಿಣಿ, “ಅವನು ಎರಡು ಚೀಲ ತರಲಿಲ್ಲ” ಎಂದಿತು. ಹಣ್ಣಿನ ಅಂಟಿನಿಂದ ಕಪ್ಪಾಗಿ ಹೋದ ತೋರುಬೆರಳನ್ನು ಅಜ್ಜಿ ತೆರೆಯ ಹತ್ತಿರ ತಂದು, ಮರದ ಬುಡದಲ್ಲಿದ್ದ ಚೀಲಗಳನ್ನು ಒಂದೊಂದಾಗಿ ಮುಟ್ಟಿದರು. “ಒಂದು. ಎರಡು. ಸರಿ. ರಾತ್ರಿ ಹಂದಿ ಬಂದರೆ ಏನು ಗತಿ?”

ಆ ಸಂಜೆ ನನ್ನ ಒಡಹುಟ್ಟಿದ ಅಣ್ಣನ ಮಗಳಿಗೂ ಅದನ್ನೇ ತೋರಿಸಿದೆ. ಅವಳಿಗೆ ಆಗ ನಾಲ್ಕು ವರ್ಷ ತುಂಬಿತ್ತು. ಕಾಗದದ ಚೀಲ ಮಾಡಿ, ಬೊಂಬೆಯಿಂದ ಹೊರಿಸಿ, ಕಥೆ ನಡೆಸಿದೆ. ಗಿಣಿ ಮಾತು ಮುಗಿಸುವ ಮೊದಲೇ ಅವಳು, “ತಪ್ಪು ಅತ್ತೆ, ತಪ್ಪು! ತಂದನಲ್ಲ, ನೋಡು, ಎರಡು!” ಎಂದು ಕಣದಲ್ಲಿದ್ದ ಚೀಲಗಳನ್ನು ಎತ್ತಿ ನನ್ನ ಮುಖದ ಮುಂದೆ ಹಿಡಿದಳು. ಅಜ್ಜಿ ಮುಟ್ಟಿದ ಚೀಲಗಳೇ ಬೇರೆ, ಇವಳು ಎತ್ತಿದ ಚೀಲಗಳೇ ಬೇರೆ. ಇಬ್ಬರ ಎಣಿಕೆಯೂ ಸರಿ, ಇಬ್ಬರ ಕನ್ನಡವೂ ಸರಿ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಕ್ಕಳ ಭಾಷೆಯ ಸಂಶೋಧಕ ಆಂಡ್ರಿಯಾ ಗ್ವಾಲ್ಮಿನಿ 2004ರಲ್ಲಿ ಬರೆದದ್ದು ನೆನಪಿಗೆ ಬಂತು. ನಾಲ್ಕು ಪಿಜ್ಜಾ ತಲುಪಿಸಬೇಕಾದವನು ದಾರಿಯಲ್ಲಿ ಎರಡನ್ನು ಕಳೆದುಕೊಂಡ ಕಥೆ ಅದರಲ್ಲಿದೆ. ತಲುಪಿಸಬೇಕಿತ್ತು ಎಂಬ ನಿರೀಕ್ಷೆ ಕಥೆಯಲ್ಲೇ ಗಟ್ಟಿಯಾಗಿದ್ದರೆ ‘ಕೆಲವು ಪಿಜ್ಜಾ ತಲುಪಿಸಲಿಲ್ಲ’ ಎಂಬುದನ್ನು ಮಕ್ಕಳೂ ದೊಡ್ಡವರಂತೆ ಒಪ್ಪುತ್ತಾರೆ ಎಂದು ಅವರು ತೋರಿಸಿದ್ದರು. ಮಾರನೆಯ ದಿನ ಕಥೆಗೆ ಒಂದು ಮಾತು ಸೇರಿಸಿದೆ: “ಕತ್ತಲಾಗುವುದರೊಳಗೆ ನಾಲ್ಕೂ ಚೀಲ ಬರಲೇಬೇಕು ಎಂದು ಮೇಸ್ತ್ರಿ ಹೇಳಿದ್ದಾರೆ.” ಈ ಸಲ ಅವಳು ಕಣ ನೋಡಿದಳು, ಮರದ ಬುಡ ನೋಡಿದಳು, ತುಟಿ ಕಚ್ಚಿದಳು. “ಸರಿ... ಎರಡು ಅಲ್ಲೇ ಇದೆ. ಬೈಯುತ್ತಾರಾ?” ಒಂದು ಮಗುವಿನ ಒಂದು ಮಾತು ಪ್ರಯೋಗವಲ್ಲ, ಅದು ನನ್ನ ಪ್ರಬಂಧದಲ್ಲಿ ಎಲ್ಲೂ ಇಲ್ಲ. ಆದರೆ ಅಪ್ಪ ಯಾಕೆ ತಪ್ಪು ತಿಳಿದರು ಎಂಬುದು ಅಂದು ನನಗೆ ಅರ್ಥವಾಯಿತು. ಕೆಳಗಿನ ಬ್ಲಾಕಿನಲ್ಲಿ ನಾಲ್ಕು ಚೀಲ ಕಾದಿವೆ ಎಂದು ರೈಟರ್ ಅಣ್ಣನಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ.

ಉತ್ತರಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಲೆಕ್ಕದ ಕೆಲಸ. ಮನೋವಿಜ್ಞಾನಿ ಹರ್ಬರ್ಟ್ ಕ್ಲಾರ್ಕ್ 1973ರಲ್ಲೇ ಎಚ್ಚರಿಸಿದ್ದರು: ಪ್ರಯೋಗಕ್ಕೆ ಆರಿಸಿಕೊಂಡ ಹತ್ತಿಪ್ಪತ್ತು ವಾಕ್ಯಗಳನ್ನೇ ಇಡೀ ಭಾಷೆ ಎಂದು ಭಾವಿಸಿ ಲೆಕ್ಕ ಹಾಕಬೇಡಿ. ಕಾಫಿ ಕೊಳ್ಳುವವರು ಔಟ್‌ಟರ್ನ್, ಅಂದರೆ ಒಣಹಣ್ಣಿನಿಂದ ಎಷ್ಟು ಬೀಜ ಸಿಗುತ್ತದೆ ಎಂಬುದನ್ನು, ನೋಡಲು ಒಂದೇ ಚೀಲದ ಮೇಲಿನಿಂದ ಹಿಡಿ ತುಂಬಿಕೊಳ್ಳುವುದಿಲ್ಲ, ಬೇರೆ ಬೇರೆ ಚೀಲಗಳ ಒಳಗಿನಿಂದ ತೆಗೆದು ಬೆರೆಸುತ್ತಾರೆ, ಇದೂ ಹಾಗೆಯೇ. ಒಬ್ಬೊಬ್ಬರ ಒಲವು ಬೇರೆ, ಒಂದೊಂದು ವಾಕ್ಯದ ಸ್ವಭಾವ ಬೇರೆ. ಈ ಎರಡು ಬಗೆಯ ಏರುಪೇರನ್ನೂ ಒಟ್ಟಿಗೆ ತೂಗಿ ನೋಡುವ ಸಂಖ್ಯಾಶಾಸ್ತ್ರದ ಮಾದರಿಗಳು ಈಗ ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ. ದೊಡ್ಡವರು ಎರಡೂ ಅರ್ಥಗಳನ್ನು ಒಪ್ಪುತ್ತಾರೆ ಎಂಬ ಹಿಂದಿನ ಮಾತು ನಮ್ಮ ಊರಿನಲ್ಲೂ ನಿಂತಿತು. ಮೊಟ್ಟೆಯ ವಾಕ್ಯ ಮಾತ್ರ ಉಳಿದವುಗಳಿಂದ ದೂರ ನಿಂತಿತ್ತು. ಒಡೆಯದೆ ಉಳಿದ ಮೊಟ್ಟೆಗಳ ಮೇಲೆಯೇ ಎಲ್ಲರ ಗಮನ. ಒಡೆದ ಮೊಟ್ಟೆಯನ್ನು ಯಾರು ಎಣಿಸುತ್ತಾರೆ?

ಪ್ರಬಂಧದ ಕೊನೆಯ ಅಧ್ಯಾಯಕ್ಕೆ ಕಂಪ್ಯೂಟರಿನ ಇನ್ನೊಂದು ಕೆಲಸವನ್ನೂ ಸೇರಿಸಬೇಕೆಂದು ಹಟ ಹಿಡಿದೆ. ಪದವನ್ನು ಅದರ ಸಹವಾಸದಿಂದ ತಿಳಿಯಬಹುದು ಎಂದು ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ್ದ ಮಾತೇ ಭಾಷೆ ಕಲಿಯುವ ಇಂದಿನ ಯಂತ್ರಗಳ ತಳಹದಿ. ಒಂದು ಪದದ ಅಕ್ಕಪಕ್ಕ ಯಾವ ಪದಗಳು ಎಷ್ಟು ಸಲ ಬರುತ್ತವೆ ಎಂದು ಎಣಿಸಿ, ಆ ಎಣಿಕೆಯನ್ನೇ ಅಂಕಿಗಳ ಸಾಲಾಗಿ ಮಾಡಿದರೆ, ಹತ್ತಿರದ ಅರ್ಥದ ಪದಗಳ ಸಾಲುಗಳೂ ಹತ್ತಿರವಾಗುತ್ತವೆ. 2013ರಲ್ಲಿ ಗೂಗಲ್‌ನ ತೋಮಸ್ ಮಿಕೊಲೊವ್ ತಂಡ ಇಂಥ ಸಾಲುಗಳನ್ನು ಅಪಾರ ಪಠ್ಯದಿಂದ ಬಲು ವೇಗವಾಗಿ ಕಲಿಯುವ ದಾರಿ ತೋರಿಸಿದ ಮೇಲೆ ಇದು ಎಲ್ಲೆಡೆ ಹಬ್ಬಿತು.

ಆ ಮಾರ್ಚ್‌ನಲ್ಲಿ ತೋಟದವರು ಹೂಮಳೆಯ ಬಗ್ಗೆ, ಅಂದರೆ ಕಾಫಿ ಹೂ ಅರಳಿಸುವ ಮಳೆಯ ಬಗ್ಗೆ, ಆಡಿದ ಮಾತುಗಳನ್ನು ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ್ದೆ. ಅವನ್ನು ಬರಹಕ್ಕಿಳಿಸಿ ಕೈಯಿಂದಲೇ ಎಣಿಸಿದೆ. ‘ಬಂತು’ ಎಂಬುದರ ಸುತ್ತ: ಹೂಮಳೆ, ರೋಬಸ್ಟಾ, ಮಾರ್ಚ್, ಸೆಂಟು (ಮಳೆಯ ಅಳತೆ), ಸ್ಪ್ರಿಂಕ್ಲರ್, ಬ್ಯಾಕಿಂಗ್ (ಹೂಮಳೆಯ ಬೆನ್ನಿಗೆ ಬೇಕಾದ ಮಳೆ). ‘ಬರಲಿಲ್ಲ’ ಎಂಬುದರ ಸುತ್ತ: ಹೂಮಳೆ, ರೋಬಸ್ಟಾ, ಮಾರ್ಚ್, ಸೆಂಟು, ಸ್ಪ್ರಿಂಕ್ಲರ್, ಬ್ಯಾಕಿಂಗ್. ಸಹವಾಸ ಒಂದೇ. ಬರೀ ಎಣಿಕೆಯ ಕಣ್ಣಿಗೆ ಈ ಎರಡು ಪದಗಳು ಅಕ್ಕತಂಗಿಯರು. ತೋಟದವನಿಗೆ ಒಂದು ವರ್ಷದ ಬೆಳೆ ಮತ್ತು ಒಂದು ವರ್ಷದ ಸಾಲದ ನಡುವಿನ ಅಂತರ.

ಇಡೀ ವಾಕ್ಯವನ್ನು ಒಟ್ಟಿಗೆ ನೋಡುವ ಕಂಪ್ಯೂಟರಿನ ದೊಡ್ಡ ಭಾಷಾ ಮಾದರಿಗಳು ಇದಕ್ಕಿಂತ ಬಹಳ ಮುಂದೆ ಹೋಗಿವೆ. ಆದರೂ 2020ರಲ್ಲಿ ಸಂಶೋಧಕಿ ಆಲಿಸನ್ ಎಟಿಂಗರ್ ಆಗ ಹೆಸರು ಮಾಡಿದ್ದ ಬರ್ಟ್ ಎಂಬ ಮಾದರಿಯನ್ನು ಮನುಷ್ಯರ ಮೇಲೆ ನಡೆಸಿದ್ದ ಹಳೆಯ ಪ್ರಯೋಗಗಳ ವಾಕ್ಯಗಳಿಂದಲೇ ಪರೀಕ್ಷಿಸಿದಾಗ, ‘ರಾಬಿನ್ ಒಂದು ___’ ಎಂದು ಖಾಲಿ ಬಿಟ್ಟರೂ, ‘ರಾಬಿನ್ ಒಂದು ___ ಅಲ್ಲ’ ಎಂದು ಖಾಲಿ ಬಿಟ್ಟರೂ, ಅದು ತುಂಬಲು ಮುಂದಿಟ್ಟ ಪದಗಳ ಸಾಲಿನಲ್ಲಿ ‘ಹಕ್ಕಿ’ ಮೇಲೆಯೇ ಇತ್ತು. ಮನುಷ್ಯರಿಗಾಗಿ ಕಟ್ಟಿದ ಪ್ರಯೋಗ ಯಂತ್ರವನ್ನು ಅಳೆಯುವ ಕೋಲೂ ಆಗುತ್ತದೆ ಎಂಬುದು ನನಗೆ ಇದರಲ್ಲಿ ಅತ್ಯಂತ ಮುಖ್ಯವಾಗಿ ಕಂಡಿತು. ಕನ್ನಡಕ್ಕೆ ಅಂಥ ಕೋಲುಗಳನ್ನು ನಾವೇ ಮಾಡಿಕೊಳ್ಳಬೇಕು. ನನ್ನ ಹದಿನಾರು ವಾಕ್ಯ ಮತ್ತು ಚಿತ್ರಗಳನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದೇನೆ.

ಮಾರ್ಗದರ್ಶಕಿ ಹಾಕಿದ್ದ ಕಡಿವಾಣ ಈಗ ಇಲ್ಲ. ಮುಂದಿನ ವಾರ ಅದೇ ಚಿತ್ರಗಳನ್ನು ಹಿಡಿದು ನಾಪೋಕ್ಲು ಕಡೆಗೆ ಹೊರಟಿದ್ದೇನೆ, ಕೊಡವ ತಕ್ಕ್‌ನಲ್ಲಿ ಕೇಳುವುದಕ್ಕೆ. ಅಲ್ಲಿ ಎರಡು ಎಂಬುದು ‘ದಂಡ್’, ಇಲ್ಲ ಎಂಬುದು ‘ಇಲ್ಲೆ’. ಧ್ವನಿ ಕೊಡಲು ಆಚೆ ಮನೆಯ ಅಕ್ಕ ಒಪ್ಪಿದ್ದಾರೆ. ನಿನ್ನೆ ಸಂಜೆ ಅವರ ಅಡುಗೆಮನೆಯಲ್ಲಿ ಕುಳಿತು ಮೊದಲ ವಾಕ್ಯ ಹೇಳಿಸಿದೆ. ಒಮ್ಮೆ ಹೇಳಿ, ತಾವೇ ತಡೆದು, “ನಿಲ್ಲು, ‘ದಂಡ್’ ಸ್ವಲ್ಪ ಒತ್ತಾಯಿತು, ಇನ್ನೊಮ್ಮೆ ಹೇಳುತ್ತೇನೆ” ಎಂದರು.